ಫೋನ್ ಬಿಟ್ಟು, ಸರ್ಟಿಫಿಕೇಟ್ ಫೈಲು ತೆಗೆದುಕೊಂಡು ಹೋಗಿದ್ದಾನೆ. ಅವನಾಗಿಯೇ ಹೋದದ್ದಾ?

ಬದಿಯಡ್ಕದ ಚಿಕ್ಕಮ್ಮ
ನನ್ನ ಅಕ್ಕನ ಮಗ ಮನೆ ಬಿಟ್ಟು ಇವತ್ತಿಗೆ 19 ದಿನ. ಪ್ರಾಯ 22. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ದಿನಾ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಿ ಸಂಜೆ ಏಳಕ್ಕೆ ಬರುತ್ತಿದ್ದ. ಹೆಸರು, ಫೋಟೋ ಇಲ್ಲಿ ಹಾಕುವುದಿಲ್ಲ. ಅದು ವಾಟ್ಸಾಪಿನಲ್ಲಿ ಬೇಕಾದಷ್ಟು ತಿರುಗುತ್ತಿದೆ.

ಅವತ್ತು ಬುಧವಾರ. "ಅಮ್ಮಾ, ಇವತ್ತು ಬುತ್ತಿ ಬೇಡ, ಕ್ಯಾಂಟೀನಿನಲ್ಲಿ ತಿನ್ನುತ್ತೇನೆ" ಎಂದನಂತೆ. ಬುತ್ತಿ ಪಾತ್ರೆ ತೊಳೆದು ಅಡಿಗೆಮನೆಯ ಕಟ್ಟೆಯಲ್ಲಿ ಮಗುಚಿ ಇಟ್ಟಿದ್ದ. ಅವನು ಯಾವತ್ತೂ ಪಾತ್ರೆ ತೊಳೆದವನಲ್ಲ. ರಾತ್ರಿಯಾದರೂ ಬರಲಿಲ್ಲ. ಫೋನ್ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು. ಸ್ವಿಚ್ ಆಫ್ ಮಾಡಿ, ಚಾರ್ಜರಿನ ವಯರು ಸುತ್ತಿ ಇಟ್ಟಿದ್ದ. ಸಿಮ್ ಒಳಗೇ ಇದೆ. ಕಪಾಟಿನಲ್ಲಿದ್ದ ಫೈಲು ಇಲ್ಲ. ಅದರಲ್ಲಿ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಸರ್ಟಿಫಿಕೇಟುಗಳು, ಆಧಾರ್ ಇದ್ದವು. ಎರಡು ಅಂಗಿ, ಒಂದು ಪ್ಯಾಂಟು, ಒಂದು ಬೈರಾಸು (ಟವೆಲು) ಕಾಣುವುದಿಲ್ಲ. ಹಿಂದಿನ ದಿನ ಅಂಗಡಿಗೆ ಹೋಗಿ ಬಾಕಿ ಇದ್ದ 340 ರೂಪಾಯಿ ಕೊಟ್ಟು ಬಂದಿದ್ದನಂತೆ.

ಮಿಸ್ಸಿಂಗ್ ಕೇಸು ಕೊಟ್ಟಿದ್ದೇವೆ. ಪ್ರಶ್ನೆಯೂ ಇಡಿಸಿದೆವು. ಜೋಯಿಸರು "ಉತ್ತರ ದಿಕ್ಕು, ನೀರಿನ ಹತ್ತಿರ" ಎಂದರು. ಆ "ನೀರಿನ ಹತ್ತಿರ" ಎಂಬ ಮಾತು ಕೇಳಿದ ಮೇಲೆ ಅಕ್ಕ ನಿದ್ದೆ ಮಾಡಿಲ್ಲ. ಮಧೂರಿನ ಗಣಪತಿಗೆ ಅಪ್ಪದ ಹರಕೆ ಹೇಳಿದ್ದಾಳೆ.

ಬಾವ ಒಂದೇ ಪ್ರಶ್ನೆ ಕೇಳುತ್ತಾರೆ: "ಯಾರು ಕರೆದುಕೊಂಡು ಹೋದದ್ದು?" ನನಗೆ ಹಾಗೆ ಅನ್ನಿಸುವುದಿಲ್ಲ. ಅವನಾಗಿಯೇ ಹೋಗಿದ್ದಾನೆ ಅನ್ನಿಸುತ್ತದೆ. ಹಾಗಾದರೆ ಯಾಕೆ? ಮನೆ, ತೋಟ, ಓದು ಎಲ್ಲ ಇದ್ದ ಹುಡುಗ ಯಾಕೆ ಹೋಗುತ್ತಾನೆ? ಇಂಥದ್ದು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ.

ಕುಂಬಳೆಯಿಂದ
ಚಿಕ್ಕಮ್ಮ, ಮೊದಲು ಒಂದು ವಿಷಯ. ಕೇಸು ಕೊಟ್ಟದ್ದಕ್ಕೆ ರಶೀದಿ, ಎಫ್‌ಐಆರ್ ಪ್ರತಿ ಸಿಕ್ಕಿದೆಯಾ? ಕೇರಳದಲ್ಲಿ ಇದನ್ನು 2011ರ ಕೇರಳ ಪೋಲೀಸ್ ಆಕ್ಟಿನ 57ನೇ ಸೆಕ್ಷನ್ ಪ್ರಕಾರ ದಾಖಲು ಮಾಡುತ್ತಾರೆ. "24 ಗಂಟೆ ಕಾಯಿರಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಕಾನೂನು ಇಲ್ಲ. ಇದನ್ನು ಉಳಿದವರಿಗಾಗಿಯೂ ಬರೆದೆ.

ಬದಿಯಡ್ಕದ ಚಿಕ್ಕಮ್ಮ
ಪ್ರತಿ ಸಿಕ್ಕಿದೆ. ಎರಡನೇ ದಿನವೇ ಕೊಟ್ಟರು.

ಪೆರ್ಲದ ಮಾಷ್ಟ್ರು
ಅಮ್ಮಾ, ನಾನು ನಿವೃತ್ತ ಅಧ್ಯಾಪಕ. ನಮ್ಮ ಕಾಲದ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಅಕ್ಕನಿಗೂ ಓದಿ ಹೇಳಿ.

ನಮ್ಮ ಊರುಗಳಲ್ಲಿ ಹುಡುಗರು ಮನೆ ಬಿಟ್ಟು ಹೋಗುವುದು ಹೊಸತಲ್ಲ. "ಬೊಂಬಾಯಿಗೆ ಓಡಿ ಹೋದ" ಎಂಬ ಮಾತು ಕೇಳದ ಮನೆಯೇ ಇರಲಿಲ್ಲ. ಪರೀಕ್ಷೆ ಫೇಲಾದರೆ ಬೊಂಬಾಯಿ, ಅಪ್ಪ ಹೊಡೆದರೆ ಬೊಂಬಾಯಿ. ಕೆಲವರು ಯಕ್ಷಗಾನ ಮೇಳದ ಹಿಂದೆ ಹೋದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೂ ಮೊದಲು ಬಸ್ಸು ಬದಲಿಸಿ ಬದಲಿಸಿ ಹೋದವರು ಇವರು. ಅಲ್ಲಿ ನಮ್ಮ ಕಡೆಯವರ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಹೋಟೆಲ್ ಹುಡುಗರಿಗೆಂದೇ ಕನ್ನಡ ರಾತ್ರಿ ಶಾಲೆಗಳಿದ್ದವು. ಎಷ್ಟೋ ಮಂದಿ ಅಲ್ಲಿ ಓದಿ ಮುಂದೆ ಬಂದರು.

ನನ್ನ ಸ್ವಂತ ಅಣ್ಣ ಹಾಗೆ ಹೋದವನು. ಆಗ ಅವನಿಗೆ ಹದಿನೇಳು. ಹದಿನಾಲ್ಕು ತಿಂಗಳು ಸುದ್ದಿ ಇಲ್ಲ. ಅಮ್ಮ ದಿನಾ ಮಧ್ಯಾಹ್ನ ಒಂದು ಹಿಡಿ ಅನ್ನ ಜಾಸ್ತಿ ಮಾಡುತ್ತಿದ್ದರು. ಸಂಜೆ ಅದು ದನಕ್ಕೆ ಹೋಗುತ್ತಿತ್ತು. ಒಂದು ದಿನ ಅಂಚೆಯವರು ಮನಿಯಾರ್ಡರು ತಂದರು. ಇಪ್ಪತ್ತೈದು ರೂಪಾಯಿ. ಕೆಳಗಿನ ಚೀಟಿಯಲ್ಲಿ ಬರೆದದ್ದು ಎರಡೇ ಮಾತು: "ಕ್ಷೇಮ. ಅಮ್ಮನಿಗೆ ಸೀರೆ." ಅಪ್ಪ ಆ ಚೀಟಿಯನ್ನು ಹರಿದು, ಪಂಚಾಂಗದ ಒಳಗೆ ಇಟ್ಟುಕೊಂಡರು.

ಬಹಳ ವರ್ಷದ ನಂತರ ಅಣ್ಣನಲ್ಲಿ ಕೇಳಿದೆ, ಯಾಕೆ ಒಂದು ಕಾಗದ ಹಾಕಲಿಲ್ಲ ಎಂದು. "ಕೈಯಲ್ಲಿ ಏನಾದರೂ ಇಲ್ಲದೆ ಹೇಗೆ ಬರೆಯುವುದು ಮಾರಾಯ" ಎಂದ. ಎಷ್ಟೋ ಮಂದಿಗೆ ಇದೇ ಕಾರಣ. ಮನೆಯವರ ಮೇಲೆ ಸಿಟ್ಟಿಲ್ಲ. ಬರಿಗೈಯಲ್ಲಿ ಮುಖ ತೋರಿಸಲು ಆಗುವುದಿಲ್ಲ.

ಹೊಸಂಗಡಿ
ಮಾಷ್ಟ್ರೇ, ಆ ಕಾಲ ಬೇರೆ. ಈಗ ಕಿಸೆಯಲ್ಲಿ ಫೋನ್ ಉಂಟು, ಒಂದು ಮೆಸೇಜು ಹಾಕಲು ಎರಡು ಸೆಕೆಂಡು. ನಾನೂ ಒಬ್ಬ ಅಪ್ಪ. ಮಕ್ಕಳು ಹೀಗೆ ಹೋದರೆ ಅದು ಸ್ವಾರ್ಥ ಎಂದೇ ನನಗೆ ಅನ್ನಿಸುವುದು. ಅಡಿಕೆಗೆ ಕೊಳೆರೋಗ ಬಂದ ವರ್ಷವೂ ಸೊಸೈಟಿಯಲ್ಲಿ ಸಾಲ ಮಾಡಿ ಫೀಸು ಕಟ್ಟುವವರು ನಾವು. ಆ ತಾಯಿಯ ಗತಿ ಎಂತ?

ಉಪ್ಪಳದವನು
ಹೊಸಂಗಡಿಯ ಅಣ್ಣ, ನಿಮ್ಮ ಮಾತಿಗೆ ಸಿಟ್ಟಿಲ್ಲ. ನನ್ನ ಅಪ್ಪನೂ ಇದೇ ಹೇಳಿದ್ದು. ಆದರೆ ಹೋದವನ ಕಡೆಯಿಂದ ಒಮ್ಮೆ ಕೇಳಿ. ನಾನು ಹೋದವನು. 21ನೇ ಪ್ರಾಯದಲ್ಲಿ, ಐದು ತಿಂಗಳು.

ನನಗೆ ಎರಡನೇ ಸೆಮಿಸ್ಟರಿನಿಂದಲೇ ಪೇಪರು ಹೋಗಲು ಶುರು. ಕನ್ನಡ ಮೀಡಿಯಂನಿಂದ ಹೋದವನು, ಕ್ಲಾಸಿನಲ್ಲಿ ಏನೂ ತಲೆಗೆ ಹತ್ತುತ್ತಿರಲಿಲ್ಲ. ಮೊದಲ ಸಲ ಮನೆಯಲ್ಲಿ "ಎಲ್ಲ ಪಾಸ್" ಎಂದೆ. ಮುಂದಿನ ಸಲ ಕಟ್ಟಿಬಿಡಬಹುದು ಎಂಬ ಧೈರ್ಯ. ಮುಂದಿನ ಸಲ ಆರು ಪೇಪರು ಬಾಕಿ. ಆಮೇಲೆ ಹನ್ನೊಂದು. ಆ ಹೊತ್ತಿಗೆ ಅಪ್ಪ ಊರಿಡೀ "ಮಗನಿಗೆ ಕ್ಯಾಂಪಸ್ಸಿನಲ್ಲೇ ಕೆಲಸ ಆಗುತ್ತದೆ" ಎಂದು ಹೇಳಿಕೊಂಡು ಬಂದಿದ್ದರು. ಫೀಸಿನ ದುಡ್ಡು ಆನ್‌ಲೈನ್ ರಮ್ಮಿಯಲ್ಲಿ ಹೋಯಿತು. ಅದನ್ನು ತುಂಬಲು ಸಾಲದ ಆ್ಯಪ್. ಮೊದಲು 5,000. ಏಳನೇ ದಿನ ಅದನ್ನು ಕಟ್ಟಲು ಇನ್ನೊಂದು ಆ್ಯಪ್. ಕೊನೆಗೆ ಆ ಜನ ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಫೋನ್ ಮಾಡುತ್ತೇವೆ ಎಂದರು. ಪಟ್ಟಿಯ ಮೊದಲಲ್ಲಿ "ಅಪ್ಪ" ಎಂದಿತ್ತು. ಅಕ್ಷರಮಾಲೆಯ ಪ್ರಕಾರ.

ನಾನು ಮನೆ ಬಿಡಬೇಕು ಎಂದು ಕುಳಿತು ಯೋಚಿಸಿದ್ದೇ ಅಲ್ಲ. ನಾಳೆ ಎಂಬುದು ಬರಬಾರದು ಎಂದಷ್ಟೇ ಇತ್ತು. ಮಂಗಳೂರು ಸೆಂಟ್ರಲಿನಲ್ಲಿ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿಗೆ ಜನರಲ್ ಟಿಕೆಟು ತೆಗೆದೆ. ಥಾಣೆಯಲ್ಲಿ ಇಳಿದೆ. ಒಂದು ಹೋಟೆಲಿನಲ್ಲಿ ತೆಂಗಿನಕಾಯಿ ತುರಿಯುವ ಕೆಲಸ ಸಿಕ್ಕಿತು. ರಾತ್ರಿ ಹಿಟ್ಟಿನ ಚೀಲದ ಪಕ್ಕ ಮಲಗುತ್ತಿದ್ದೆ. ಹೇಳಲು ಸಂಕಟವಾಗುತ್ತದೆ, ಆದರೂ ಸತ್ಯ ಹೇಳಬೇಕು: ಎರಡು ವರ್ಷದಲ್ಲಿ ಮೊದಲ ಸಲ ಚೆನ್ನಾಗಿ ನಿದ್ದೆ ಬಂದದ್ದು ಅಲ್ಲಿ. ಯಾರಿಗೂ ಸುಳ್ಳು ಹೇಳಬೇಕಾಗಿರಲಿಲ್ಲ. ಕಾಯಿ ತುರಿ ಎಂದರು, ತುರಿದೆ.

ಎರಡು ತಿಂಗಳಲ್ಲಿ ವಾಪಸು ಬರುವ ಮನಸ್ಸಾಗಿತ್ತು. ಆಗ ಅಲ್ಲಿಯ ಒಬ್ಬ ಕಾರ್ಕಳದ ಹುಡುಗ ಅವನ ಫೋನ್ ತೋರಿಸಿದ. "ಇದು ನೀನಲ್ವಾ?" ನನ್ನ ಫೋಟೋ. ಅಡಿಯಲ್ಲಿ "ಮಾನಸಿಕ ಅಸ್ವಸ್ಥ, ಕಂಡರೆ ಹಿಡಿದಿಟ್ಟು ತಿಳಿಸಿ" ಎಂದು ಬರೆದಿತ್ತು. ಮನೆಯವರು ಬರೆದದ್ದಲ್ಲ, ಯಾರೋ ಸೇರಿಸಿದ್ದು. ಹಾಗೆ ಬರೆದರೆ ಜನ ಬೇಗ ಫಾರ್ವರ್ಡ್ ಮಾಡುತ್ತಾರೆ ಎಂದು. ಅವತ್ತೇ ಆ ಹೋಟೆಲು ಬಿಟ್ಟೆ. ಊರಿಗೆ ಬಂದರೆ ಎಲ್ಲರೂ ಹುಚ್ಚನನ್ನು ನೋಡಿದ ಹಾಗೆ ನೋಡುತ್ತಾರೆ ಅನ್ನಿಸಿತು. ಆ ಎರಡು ಶಬ್ದಕ್ಕೆ ನನ್ನ ಮನೆಯವರು ಇನ್ನೂ ಮೂರು ತಿಂಗಳು ಕಾದರು.

ಚಿಕ್ಕಮ್ಮ, ನಿಮ್ಮ ಪೋಸ್ಟರಿನಲ್ಲಿ ಏನು ಬರೆದಿದೆ ಎಂದು ಒಮ್ಮೆ ನೋಡಿ. ಮತ್ತೆ, ಕಾಲೇಜಿಗೆ ಹೋಗಿ ವಿಚಾರಿಸಿ. ಫೋನಿನಲ್ಲಿ ಕೇಳಬೇಡಿ, ಹೋಗಿ ಕೇಳಿ.

ಮಂಜೇಶ್ವರದ ನರ್ಸ್
ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದವಳು. ಉಪ್ಪಳದ ತಮ್ಮ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಚಿಕ್ಕಮ್ಮ, ನೀವು ಹೇಳಿದ ವಸ್ತುಗಳಲ್ಲಿ ಎರಡು ದಿಕ್ಕು ಕಾಣುತ್ತದೆ. ಸರ್ಟಿಫಿಕೇಟು, ಆಧಾರ್, ಅಂಗಿ, ಬೈರಾಸು ತೆಗೆದುಕೊಂಡು ಹೋದವನು ಎಲ್ಲೋ ಕೆಲಸ ಹುಡುಕಿ ಬದುಕಬೇಕು ಎಂದುಕೊಂಡು ಹೋಗಿದ್ದಾನೆ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ನಾಳೆಗೆ ಬೇಕಾಗುವ ಕಾಗದ. ಇದು ಧೈರ್ಯ ಕೊಡುವ ವಿಷಯ. ಆದರೆ ಅಂಗಡಿಯ ಬಾಕಿ ಕೊಟ್ಟು ಮುಗಿಸಿದ್ದು, ಪಾತ್ರೆ ತೊಳೆದಿಟ್ಟದ್ದು, ಇದನ್ನು ನಾವು ಸ್ವಲ್ಪ ಹೆದರಿಕೆಯಿಂದಲೇ ನೋಡುತ್ತೇವೆ. ಜೀವ ಬೇಡ ಅನ್ನಿಸಿದವರೂ ಹೀಗೆ ಲೆಕ್ಕ ಚುಕ್ತಾ ಮಾಡುವುದುಂಟು. ಹಾಗಾಗಿ "ದೊಡ್ಡವನಾಗಿದ್ದಾನೆ, ಅವನಾಗಿಯೇ ಹೋದದ್ದು, ಬರುತ್ತಾನೆ ಬಿಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಾಕಿ ಕೊಟ್ಟ ವಿಷಯವನ್ನು ಪೋಲೀಸರಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೇಳಿ. ಅದನ್ನು ಬರೆಸಿ.

ಅಕ್ಕನನ್ನೂ ನೋಡಿಕೊಳ್ಳಿ. 19 ದಿನ ನಿದ್ದೆ ಇಲ್ಲದಿದ್ದರೆ ದೇಹ ತಡೆಯುವುದಿಲ್ಲ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಎಂದು ಅದರ ಹೆಸರು. ರಾತ್ರಿ ಹಗಲು ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುವ ಹುಡುಗ ಹುಡುಗಿಯರಿಗೂ ಅದೇ ನಂಬರು.

ಹೊಸಂಗಡಿ
ಉಪ್ಪಳದ ತಮ್ಮಾ, ನಿನ್ನ ಅಪ್ಪ ಆಮೇಲೆ ಏನೆಂದರು?

ಉಪ್ಪಳದವನು
ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಏನೂ ಕೇಳಲಿಲ್ಲ. ನನ್ನ ಚೀಲ ತೆಗೆದುಕೊಂಡು ಮುಂದೆ ನಡೆದರು. ಸಾಲದ ವಿಷಯ ಮೂರು ವಾರ ಬಿಟ್ಟು ನಾನೇ ಹೇಳಿದೆ. ಅವರು ಬೈಯುತ್ತಾರೆ ಎಂದು ಹೋದವನು ನಾನು. ಬೈದದ್ದು ಒಂದೇ ದಿನ.

ಈಗ ದೂರ ಇರುವವಳು
ಇಷ್ಟರವರೆಗೆ ಹುಡುಗರ ಕಥೆ ಆಯಿತು. ನಾನೂ ಹೋದವಳೇ. ಊರು ಹೇಳುವುದಿಲ್ಲ, ಕಾಸರಗೋಡು ತಾಲೂಕು ಎಂದುಕೊಳ್ಳಿ.

ನನಗೆ 23. ಕೆಲಸಕ್ಕೆ ಹೋಗುತ್ತಿದ್ದೆ. ಸಂಬಳ ಅಪ್ಪನ ಕೈಗೆ. ಬೇಡ ಎಂದು ಮೂರು ಸಲ ಹೇಳಿದ ಮದುವೆಗೆ ದಿನ ನೋಡಿದರು. ನಾಲ್ಕನೇ ಸಲ ಹೇಳಿದಾಗ ಮಾವ ಕೈ ಎತ್ತಿದರು, ಅಮ್ಮ ಬಾಗಿಲು ಹಾಕಿದರು. ಯಾವ ಹುಡುಗನೂ ಇರಲಿಲ್ಲ. ಇದನ್ನು ಇವತ್ತಿಗೂ ಯಾರೂ ನಂಬುವುದಿಲ್ಲ. ಹೆಣ್ಣು ಮನೆ ಬಿಟ್ಟರೆ ಹಿಂದೆ ಒಬ್ಬ ಗಂಡು ಇರಲೇಬೇಕು ಎಂದು ಎಲ್ಲರೂ ಅವನನ್ನೇ ಹುಡುಕಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಪಾಪದವನಿಗೆ ಪೆಟ್ಟೂ ಬಿತ್ತು. ಅವನ ಧರ್ಮ ಬೇರೆ, ಅಷ್ಟೇ ಅವನ ತಪ್ಪು.

ನಾನು ಪೋಲೀಸರಿಗೆ ನಾನೇ ಫೋನ್ ಮಾಡಿದೆ. ಬಂದರು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. "ಎಲ್ಲಿಗೆ ಹೋಗಲು ಇಷ್ಟ?" ಎಂದು ಕೇಳಿದರು. ಹುಟ್ಟಿದ ಮೇಲೆ ಆ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ್ದು ಅವರೇ ಮೊದಲು. ಹಾಸ್ಟೆಲ್ ಎಂದೆ. ಹೊರಗೆ ಅಮ್ಮ ನಿಂತಿದ್ದರು, ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಆದರೂ ಹಾಸ್ಟೆಲಿಗೆ ಹೋದೆ.

ಹೊಸಂಗಡಿಯವರೇ, ಅಮ್ಮನನ್ನು ಬಿಟ್ಟು ಹೋಗುವುದು ಸುಲಭ ಎಂದು ಯಾರು ಹೇಳಿದ್ದು? ನಾಲ್ಕು ವರ್ಷ ಆಯಿತು, ಈಗಲೂ ನೀರುದೋಸೆ ಹೊಯ್ಯುವಾಗ ಅವರ ಕೈಯೇ ಕಾಣುತ್ತದೆ. ಎಲ್ಲರೂ ಸಿಟ್ಟಿನಿಂದ ಹೋಗುವುದಲ್ಲ. ಕೆಲವರು ಉಳಿಯಲು ಬೇರೆ ದಾರಿ ಇಲ್ಲದೆ ಹೋಗುತ್ತಾರೆ. ಅಂಥವರನ್ನು ಹುಡುಕಿ ಎಳೆದು ತಂದರೆ ಅದು ಸಹಾಯ ಅಲ್ಲ.

ಹೊಸಂಗಡಿ
ಅಕ್ಕಾ, "ಸ್ವಾರ್ಥ" ಎಂದದ್ದು ತಪ್ಪಾಯಿತು. ನನಗೆ ಮಗಳಿದ್ದಾಳೆ. ಓದಿದೆ.

ಕಾಞಂಗಾಡಿನ ವಕೀಲ
ಕಾನೂನಿನ ವಿಷಯ ಸ್ವಲ್ಪ ಹೇಳುತ್ತೇನೆ. 18 ತುಂಬಿದವರು ತಮ್ಮ ಇಷ್ಟದಿಂದ ಮನೆ ಬಿಟ್ಟು ಹೋಗುವುದು ಅಪರಾಧ ಅಲ್ಲ. ಪೋಲೀಸರು ಹುಡುಕಲೇಬೇಕು, ಆದರೆ ಸಿಕ್ಕಿದ ಮೇಲೆ ಬಲವಂತದಿಂದ ಮನೆಗೆ ಕಳಿಸಲಾಗದು. ಕೋರ್ಟಿನಲ್ಲಿ ಹೇಳಿಕೆ ಕೊಟ್ಟು ತನ್ನ ದಾರಿ ಹಿಡಿಯಬಹುದು. ಹೆದರಿಸಿ, ಕೂಡಿಹಾಕಿ ಇಟ್ಟಿದ್ದಾರೆ ಎಂಬ ಸಂಶಯ ಇದ್ದರೆ ಎರ್ನಾಕುಳಂ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ, ಹಾಕಬಹುದು. ಆಗಲೂ ನ್ಯಾಯಾಧೀಶರು ಕೊನೆಗೆ ಕೇಳುವುದು ಆ ವ್ಯಕ್ತಿಯ ಇಷ್ಟವನ್ನೇ. 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ಕೇರಳ ಹೈಕೋರ್ಟು ರದ್ದು ಮಾಡಿದ್ದ ಮದುವೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದೂ ಪ್ರಾಯಕ್ಕೆ ಬಂದವರ ಆಯ್ಕೆ ಅವರದ್ದೇ ಎಂಬ ಆಧಾರದ ಮೇಲೆ.

ಬೇರೆ ಧರ್ಮದವರನ್ನು ಮದುವೆಯಾಗುವ ಮಕ್ಕಳು ಯಾಕೆ ಹೇಳದೆ ಹೋಗುತ್ತಾರೆ ಎಂಬುದಕ್ಕೂ ಒಂದು ಕಾರಣ ಇದರಲ್ಲೇ ಇದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟೀಸು ಉಂಟು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಸಣ್ಣ ಊರಿನಲ್ಲಿ ಅದು ಮನೆಗೆ ತಲುಪಲು ಒಂದು ದಿನ ಸಾಕು.

ಇನ್ನು ನಮ್ಮ ಗಡಿಯ ತೊಂದರೆ. ಕೇಸು ಕೇರಳದಲ್ಲಿ, ಹುಡುಗ ಹೋದದ್ದು ತಲಪಾಡಿ ದಾಟಿ ಕರ್ನಾಟಕದ ಕಡೆಗೆ. ಮಲಯಾಳದಲ್ಲಿ ಮಾತ್ರ ಇರುವ ನೋಟೀಸನ್ನು ಸುಳ್ಯದಲ್ಲಿ, ಪುತ್ತೂರಿನಲ್ಲಿ ಯಾರು ಓದುತ್ತಾರೆ? ಕನ್ನಡದಲ್ಲೂ ಹಿಂದಿಯಲ್ಲೂ ಮಾಡಿಸಿ. ಎಫ್‌ಐಆರ್ ಪ್ರತಿ ಇಟ್ಟುಕೊಂಡು ಮಂಗಳೂರಿನ ಪೋಲೀಸರಿಗೂ, ರೈಲ್ವೆ ಪೋಲೀಸರಿಗೂ ಒಂದು ಅರ್ಜಿ ಕೊಡಿ. ಕಾಸರಗೋಡಿನಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಹಿಂಜರಿಯಬೇಡಿ. ಮನಸ್ಸಿನಲ್ಲಿ ಇರುವುದನ್ನು ನಮ್ಮ ಭಾಷೆಯಲ್ಲೇ ಸರಿಯಾಗಿ ಹೇಳಲು ಆಗುವುದು.

ಕುಂಬಳೆಯಿಂದ
ಇನ್ನೊಂದು ಹೇಳಬೇಕು. 2016ರಲ್ಲಿ ಪಡನ್ನ, ತೃಕ್ಕರಿಪುರದ ಕಡೆಯಿಂದ ಕೆಲವರು ಐಎಸ್ ಉಗ್ರರನ್ನು ಸೇರಲು ಅಫ್ಘಾನಿಸ್ತಾನಕ್ಕೆ ಹೋದರಲ್ಲ, ಅಂದಿನಿಂದ ನಮ್ಮ ಜಿಲ್ಲೆಯಲ್ಲಿ ಯಾರು ಕಾಣದಾದರೂ ಬಾಯಿಗೆ ಬಂದದ್ದು ಮಾತಾಡುತ್ತಾರೆ. ಪರೀಕ್ಷೆ ಫೇಲಾದ ಹುಡುಗನಿಗೂ ಅದೇ ಸಂಶಯ. ವಾಪಸು ಬರುವವನು ಆ ಮಾತನ್ನೆಲ್ಲ ದಾಟಿಕೊಂಡು ಬರಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ.

ಬದಿಯಡ್ಕದ ಚಿಕ್ಕಮ್ಮ
ನಾಲ್ಕು ದಿನ ಬರೆಯಲಾಗಲಿಲ್ಲ. ನಾನೂ ಬಾವನೂ ಕಾಲೇಜಿಗೆ ಹೋಗಿದ್ದೆವು.

ಅವನು ಎರಡು ಸೆಮಿಸ್ಟರಿನಿಂದ ಕ್ಲಾಸಿಗೇ ಹೋಗಿಲ್ಲ. ಫೀಸೂ ಕಟ್ಟಿಲ್ಲ. ಮನೆಗೆ ಒಂದು ಕಾಗದ ಬಂದಿಲ್ಲ, ಒಂದು ಫೋನ್ ಬಂದಿಲ್ಲ. ಕೇಳಿದರೆ, ಅವನು ಕೊಟ್ಟ ನಂಬರಿಗೆ ಮೆಸೇಜು ಹೋಗಿದೆ ಎಂದರು. ಅದು ಅವನದ್ದೇ ಇನ್ನೊಂದು ನಂಬರು.

ಹತ್ತು ತಿಂಗಳು. ದಿನಾ ಆರೂವರೆಗೆ ಬುತ್ತಿ ಹಿಡಿದುಕೊಂಡು ಹೋಗಿದ್ದಾನೆ, ಸಂಜೆ ಖಾಲಿ ಪಾತ್ರೆ ತಂದಿದ್ದಾನೆ. ಎಲ್ಲಿ ಕುಳಿತು ಉಣ್ಣುತ್ತಿದ್ದ? ಮಳೆಗಾಲದಲ್ಲಿ ಎಲ್ಲಿ ನಿಲ್ಲುತ್ತಿದ್ದ? ಅಕ್ಕ ಅದನ್ನೇ ಕೇಳುತ್ತಾಳೆ. ಬುತ್ತಿ ಬೇಡ ಎಂದ ದಿನ ನನಗೆ ಗೊತ್ತಾಗಬೇಕಿತ್ತು ಎನ್ನುತ್ತಾಳೆ.

ಬಾವ ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಕುಂಬಳೆ ದಾಟಿದ ಮೇಲೆ ಮೆಲ್ಲ ಹೇಳಿದರು. ಹಿಂದಿನ ಭಾನುವಾರ ಊಟಕ್ಕೆ ಕುಳಿತಾಗ ಅವರು ಅವನಿಗೆ ಹೇಳಿದ್ದರಂತೆ, "ನಿನ್ನ ಕೆಲಸ ಆದ ಕೂಡಲೇ ಸೊಸೈಟಿಯ ಸಾಲ ತೀರಿಸಿ ಮನೆಗೆ ತಾರಸಿ ಹಾಕಿಸುವ" ಎಂದು. ಖುಷಿಯಲ್ಲಿ ಹೇಳಿದ್ದು. ಅವನು ತಲೆ ಎತ್ತದೆ ಉಂಡು ಎದ್ದನಂತೆ.

ಅಂಗಡಿಯ ಬಾಕಿಯ ವಿಷಯ ಸ್ಟೇಷನ್ನಿನಲ್ಲಿ ಬರೆಸಿದ್ದೇವೆ. ಪೋಸ್ಟರು ನೋಡಿದೆ, ಉಪ್ಪಳದ ತಮ್ಮಾ. ಅದರಲ್ಲೂ ಯಾರೋ ಆ ಎರಡು ಶಬ್ದ ಸೇರಿಸಿದ್ದಾರೆ.

ಪೆರ್ಲದ ಮಾಷ್ಟ್ರು
ಹಾಗಾದರೆ ಹೊಸತು ಮಾಡುವ, ಅಮ್ಮಾ. ಹುಡುಕುವವರಿಗೆ ಅಲ್ಲ, ಅವನಿಗೇ ಬರೆಯುವ. ನಾನು ಹೀಗೆ ಬರೆದಿದ್ದೇನೆ, ಬಾವನವರಿಗೆ ತೋರಿಸಿ:

"ಮಗಾ, ಕಾಲೇಜಿನ ವಿಷಯ ನಮಗೆ ಗೊತ್ತಾಗಿದೆ. ಮುಚ್ಚಿಡಬೇಕಾದ್ದು ಇನ್ನು ಏನೂ ಇಲ್ಲ. ಸಾಲ ಇದ್ದರೆ ನೋಡಿಕೊಳ್ಳುವ. ಬರಲು ಮನಸ್ಸಿಲ್ಲದಿದ್ದರೆ ಬರಬೇಡ, ಎಲ್ಲಿ ಇದ್ದಿ ಎಂದೂ ಹೇಳಬೇಡ. ಯಾವ ಸ್ಟೇಷನ್ನಿಗಾದರೂ ಹೋಗಿ ಕ್ಷೇಮ ಎಂದು ಹೇಳಿದರೆ ಸಾಕು. ಅಮ್ಮ ನಿದ್ದೆ ಮಾಡುತ್ತಾಳೆ. ಅಪ್ಪ."

ಉಪ್ಪಳದವನು
ಮಾಷ್ಟ್ರೇ, "ಸಾಲ ಇದ್ದರೆ" ಎಂಬುದನ್ನು ತೆಗೆಯಿರಿ. ಹಾಗೆ ಬರೆದರೆ ಸಾಲದ ವಿಷಯ ಅವನ ಫ್ರೆಂಡ್ಸ್ ಎಲ್ಲರಿಗೂ ಗೊತ್ತಾಗುತ್ತದೆ. ಬರೀ "ಏನಿದ್ದರೂ ನೋಡಿಕೊಳ್ಳುವ" ಎಂದಿರಲಿ. ಅಡಿಯಲ್ಲಿ ಫೋನ್ ನಂಬರು ಅಮ್ಮನದ್ದು ಹಾಕಿ. ಅಪ್ಪನ ನಂಬರು ಒತ್ತಲು ಧೈರ್ಯ ಬರುವುದಿಲ್ಲ. ಥಾಣೆ, ಪನ್ವೇಲ್, ಬೆಂಗಳೂರಿನ ಹೋಟೆಲ್ ಹುಡುಗರ ಗ್ರೂಪುಗಳಿಗೆ ನಾನು ಕಳಿಸುತ್ತೇನೆ. ಫೋಟೋ ಬೇಡ. ಓದಿದರೆ ಅವನಿಗೆ ಗೊತ್ತಾಗುತ್ತದೆ.

ಬದಿಯಡ್ಕದ ಚಿಕ್ಕಮ್ಮ
ಬಾವ ಒಪ್ಪಿದರು. "ಅಪ್ಪ" ಎಂಬುದನ್ನು ಮಾತ್ರ ಅವರೇ ಕೈಯಲ್ಲಿ ಬರೆದು ಫೋಟೋ ತೆಗೆಸಿದ್ದಾರೆ. ಅವನಿಗೆ ಅವರ ಅಕ್ಷರ ಗೊತ್ತು.

ಬದಿಯಡ್ಕದ ಚಿಕ್ಕಮ್ಮ
37ನೇ ದಿನ. ಇವತ್ತು ಮಧ್ಯಾಹ್ನ ಸ್ಟೇಷನ್ನಿನಿಂದ ಫೋನ್ ಬಂತು. ಬೇರೆ ರಾಜ್ಯದ ಒಂದು ಸ್ಟೇಷನ್ನಿಗೆ ಅವನಾಗಿಯೇ ಹೋಗಿದ್ದಾನೆ. ಕ್ಷೇಮವಾಗಿದ್ದಾನೆ, ಕೆಲಸದಲ್ಲಿದ್ದಾನೆ. ವಿಳಾಸ ಕೊಡುವುದು ಬೇಡ ಎಂದಿದ್ದಾನೆ. ಈಗ ಬರುವುದಿಲ್ಲ ಎಂದಿದ್ದಾನೆ. ಕೇಸು ಮುಗಿಸಲು ಇಲ್ಲಿಯ ಕೋರ್ಟಿಗೆ ಒಂದು ದಿನ ಬರಬೇಕಾಗಬಹುದಂತೆ.

ಅಕ್ಕ ಫೋನ್ ತೆಗೆದುಕೊಂಡು ಪೋಲೀಸರಲ್ಲಿ ಕೇಳಿದ್ದು ಒಂದೇ: "ಸಪೂರ ಆಗಿದ್ದಾನಾ?" ಆ ಕಡೆಯವರಿಗೆ ಏನು ಹೇಳಬೇಕು ಎಂದು ಗೊತ್ತಾಗಲಿಲ್ಲ. ಬಾವ ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬಂದರು. ಅವನು ಈಗಲೇ ಬರಲಿಲ್ಲ ಎಂದು ಅವರಿಗೆ ಬೇಸರ ಉಂಟು. ನನಗೂ ಉಂಟು. ಮಂಗಳವಾರ ಮಧೂರಿಗೆ ಹೋಗುತ್ತೇವೆ.

ಎಲ್ಲರಲ್ಲಿ ಒಂದು ವಿನಂತಿ. ಅವನ ಫೋಟೋ ಇರುವ ಹಳೆಯ ಪೋಸ್ಟರು ಇನ್ನೂ ತಿರುಗುತ್ತಿದೆ. ನಿಮ್ಮ ಗ್ರೂಪಿನಲ್ಲಿ ಕಂಡರೆ ತೆಗೆಯಲು ಹೇಳಿ. ಅವನು ಕೆಲಸ ಮಾಡುವ ಜಾಗದಲ್ಲಿ ಯಾರೂ ಅದನ್ನು ಅವನ ಮುಂದೆ ಹಿಡಿಯಬಾರದು.

ಉಪ್ಪಳದವನು
ನಾನಿರುವ ಏಳು ಗ್ರೂಪಿನಲ್ಲಿ ತೆಗೆಸಿದೆ ಚಿಕ್ಕಮ್ಮ. ಒಂದು ಗ್ರೂಪಿನ ಅಡ್ಮಿನ್ ದುಬೈಯಲ್ಲಿದ್ದಾರೆ, ರಾತ್ರಿ ಫೋನ್ ಮಾಡುತ್ತೇನೆ.

ಹೊಸಂಗಡಿ
ನಮ್ಮ ಶಾಲೆ ಗ್ರೂಪಿನಲ್ಲಿ ಇತ್ತು. ಹಾಕಿದ್ದು ನಾನೇ. ತೆಗೆದೆ.